ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ

ಕೊಣಾಜೆಯ ಗುಡ್ಡದ ಮೇಲೆ ನನ್ನ ಕೋಣೆ:
ಒಂದು ಮೇಜು, ಎರಡು ಕುರ್ಚಿ,
ಮೂರನೆಯದರ ಜಾಗ ಖಾಲಿ.
ತಮ್ಮ ಕುರ್ಚಿ ತಾವೇ ತರುವವರಿಗೆ.

ಬಾಗಿಲಿಗೆ ಅಂಟಿಸಿದ ಅಕ್ಷರ: ‘ಸಲಹಾ ಘಟಕ’.
ಹೋದ ವರ್ಷ ‘ಲ’ ಕಳಚಿ ಬಿತ್ತು.
‘ಸಹಾ’ ಆಯಿತು.
ಇನ್ನೊಂದು ‘ಯ’ ಎಲ್ಲಿಂದಾದರೂ ಬಂದರೆ ಪೂರ್ತಿಯಾದೀತು ಎಂದು
ಕಾವಲಿನ ದೇಜಪ್ಪಣ್ಣ ನಗುತ್ತಾರೆ.

ಹಣ ಕೊಡುವ ಕಚೇರಿ ಉರ್ವಸ್ಟೋರಿನ ಹತ್ತಿರ,
ಎರಡನೆಯ ಮಾಳಿಗೆ, ಲಿಫ್ಟು ದುರಸ್ತಿಯಲ್ಲಿ.
ನಮ್ಮ ನಡುವೆ ಎರಡು ಬಸ್ಸು, ನೇತ್ರಾವತಿಯ ಸೇತುವೆ,
ತೊಕ್ಕೊಟ್ಟಿನ ಟ್ರಾಫಿಕ್ಕು,
ಮತ್ತೆ ಕಡತದ ಬಲ ಅಂಚಿನಲ್ಲಿ ಹಸಿರು ಶಾಯಿಯ ಷರಾ.

ಹುಡುಗಿ ಮಂಜನಾಡಿಯವಳು,
ಅಪ್ಪನದು ಪಂಕ್ಚರ್ ಅಂಗಡಿ,
ಎಂ.ಎ. ಇತಿಹಾಸ. ಕಣ್ಣು ಕಾಣದು.
ಪುಟ ಓದಿ ಹೇಳುವ ಯಂತ್ರ ಬೇಕು,
ಪರೀಕ್ಷೆಗೆ ಬರೆದುಕೊಡುವ ಕೈ ಬೇಕು.

‘ಕಲಿಕೆಯ ವೆಚ್ಚ ತಮ್ಮದು’ ಎಂದಿತು ಆ ಕಚೇರಿ.
‘ಸ್ವಂತ ಸಲಕರಣೆ ಇಲಾಖೆಯದು’ ಎಂದಿತು ನಮ್ಮ ಲೆಕ್ಕಪತ್ರ ವಿಭಾಗ.
ಎರಡೂ ಸರಿ. ನಿಯಮ ತೆಗೆದು ನೋಡಿದ್ದೇನೆ, ಎರಡೂ ಸರಿಯೇ.
ಎರಡು ಸರಿಗಳ ನಡುವಿನ ಬೆಂಚಿನಲ್ಲಿ
ಅವಳು ಐದು ತಿಂಗಳು ಕೂತಳು.

ನಾನು ಬರೆದೆ: ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ.
ಉತ್ತರ ಬಂತು: ಉಲ್ಲೇಖಿತ ಪತ್ರವನ್ನು ಪರಿಶೀಲಿಸಲಾಗಿ.
ಕೆಳಗೆ ಬೆಕ್ಕು ಬಾಲ ಮಡಚಿದ ಹಾಗೆ ಒಂದು ಸಹಿ,
ಎಸ್. ವಾರಿಜಾಕ್ಷಿ, ಅಧೀಕ್ಷಕರು.
ನೋಡದೆಯೇ ಅವಳನ್ನು ಕಲ್ಲು ಎಂದೆ,
ಊಟದ ಹೊತ್ತಿಗೆ ಎಲ್ಲರಿಗೂ ಹೇಳಿಕೊಂಡೆ.

ಜನವರಿಯ ಒಂದು ಮಧ್ಯಾಹ್ನ ಕಲ್ಲು ಫೋನು ಮಾಡಿತು.
‘ಮೇಡಂ, ನಿಮ್ಮ ಏಳು ಪತ್ರ ನನ್ನೆದುರು ಉಂಟು.
ಏಳರಲ್ಲಿಯೂ ಹುಡುಗಿಯ ಹೆಸರೇ ಇಲ್ಲ ಮಾರಾಯ್ರೆ.
ಸದರಿ ವಿದ್ಯಾರ್ಥಿನಿ, ಸದರಿ ವಿದ್ಯಾರ್ಥಿನಿ.
ಈ ಸದರಿ ಯಾರು?’

ಪ್ರತಿಗಳನ್ನು ತೆರೆದೆ.
ಹೌದು. ಕಾಳಜಿ ಇತ್ತು, ಕಲಮುಗಳ ಸಂಖ್ಯೆ ಇತ್ತು,
ಎರಡು ಕಡೆ ಕೋಪವೂ ಇತ್ತು.
ಝುಲೈಖಾ ಇರಲಿಲ್ಲ.

‘ಅವಳು ಬೆಳಿಗ್ಗೆ ಎಷ್ಟಕ್ಕೆ ಏಳುವುದು, ಯಾರು ಓದಿ ಹೇಳುವುದು,
ಎಷ್ಟು ಪುಟಕ್ಕೆ ಅವರ ಗಂಟಲು ಒಣಗುವುದು,
ಅದನ್ನು ಬರೆಯಿರಿ.
ನಿಯಮದಲ್ಲಿ ಎಲ್ಲಿ ಕೂರಿಸುವುದು ಅಂತ ನನಗೆ ಗೊತ್ತುಂಟು,
ಕೂರಿಸಲಿಕ್ಕೆ ಎಂಥದು ಅಂತ ಗೊತ್ತಿರುವುದು ನಿಮಗೆ.’

ಶನಿವಾರ ಹಂಪನಕಟ್ಟೆಯ ಹೋಟೆಲಿನಲ್ಲಿ ಮೂವರೂ ಕೂತೆವು.
ಕಡತಕ್ಕೆ ಗೋಳಿಬಜೆಯ ಎಣ್ಣೆ ತಾಗಿತು.
ವಾರಿಜಾಕ್ಷಿಗೆ ಮಂಡಿನೋವು, ದನಿ ದೊಡ್ಡದು,
ಲಿಫ್ಟಿಗಾಗಿ ತಾನೂ ಒಂಬತ್ತು ಪತ್ರ ಬರೆದಿದ್ದಾಳಂತೆ.
ನಾನು ಗಟ್ಟಿಯಾಗಿ ಓದಿದೆ:
‘ದೃಷ್ಟಿದೋಷದಿಂದ ಬಳಲುತ್ತಿರುವ...’

‘ಅದನ್ನು ತೆಗೆಯಿರಿ’ ಎಂದಳು ಝುಲೈಖಾ,
ಲೋಟದ ಅಂಚನ್ನು ಬೆರಳಲ್ಲಿ ಸುತ್ತುತ್ತ.
‘ನಾನು ಬಳಲ್ತಾ ಇಲ್ಲ.
ಕಾಯ್ತಾ ಇದ್ದೇನೆ.’

ವಾರಿಜಾಕ್ಷಿ ಪೆನ್ನು ತೆಗೆದಳು. ಅದೇ ಹಸಿರು.
ಒಂದು ಪದ ಹೊಡೆದಳು.
ಇನ್ನೊಂದನ್ನು ಬರೆಯಲು ನಮೂನೆಯಲ್ಲಿ ಅಂಕಣ ಇರಲಿಲ್ಲ,
ಅಂಚಿನಲ್ಲಿ ಬರೆದಳು.

ಯಂತ್ರ ಮಾರ್ಚಿನಲ್ಲಿ ಬಂತು.
ಅದರ ಕನ್ನಡ ಸ್ವಲ್ಪ ಕೊಂಗೆ,
‘ಶಾಸನ’ವನ್ನು ಅದು ‘ಶಾಸ್ ನ’ ಎನ್ನುತ್ತದೆ, ಅವಳು ನಗುತ್ತಾಳೆ.
ಬರೆದುಕೊಟ್ಟವಳ ಸಂಭಾವನೆ ಇನ್ನೂ ಬಂದಿಲ್ಲ:
ಲೆಕ್ಕಪರಿಶೋಧನೆಯ ಆಕ್ಷೇಪಣೆ, ಕಂಡಿಕೆ ನಾಲ್ಕು.
ಆ ಪತ್ರದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ:
‘ಇದಕ್ಕೆ ಹೀಗೆ ಉತ್ತರ ಕೊಡಿ’,
ಜೊತೆಗೆ ಅವಳದೇ ಕರಡು.

ಇವತ್ತು ಹೊರಗೆ ಬೆಂಚಿನಲ್ಲಿ ಒಬ್ಬ ಹುಡುಗ,
ಪಕ್ಕದಲ್ಲಿ ಊರುಗೋಲು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಪ್ರಮಾಣಪತ್ರ.
ಅವನು ಬಂದು ಅರ್ಧ ಗಂಟೆಯಾಗಿರಬೇಕು.
ನಾನು ಆಗಲೇ ಕಾಗದ ಎಳೆದುಕೊಂಡು
‘ವಿಷಯ’ ಎಂದು ಬರೆದು, ಎರಡು ಚುಕ್ಕೆ ಇಟ್ಟು,
‘ಸದರಿ’ಯ ‘ಸ’ವರೆಗೆ ಬಂದಿದ್ದೆ.

ಪೆನ್ನು ಮುಚ್ಚಿ
ಹೆಸರು ಕೇಳಲು ಎದ್ದೆ.